ಉಸಿರು ಹಿಡಿಯುವ ಚೆಂಡು

ಏಪ್ರಿಲ್ 9

ಕೆಲಸಕ್ಕೆ ಸೇರಿ ಒಂದು ವಾರ. ಇವತ್ತು ಕಚೇರಿಯಲ್ಲಿ ಮೊದಲ ಬಾರಿಗೆ ಗಟ್ಟಿಯಾಗಿ ಮಾತಾಡಿದೆ: ‘ಕಿಟಕಿ ಹಾಕಲಾ?’ ಯಾರೂ ಉತ್ತರ ಕೊಡಲಿಲ್ಲ. ಹಾಕಲಿಲ್ಲ.

ಕಚೇರಿ ಇರುವುದು ಟೋಕಿಯೋದ ಕಾಂದಾ ಬಡಾವಣೆಯಲ್ಲಿ, ಮಸಾಲೆ ಸಾರು ಸುರಿದು ಕೊಡುವ ಒಂದು ಕರಿ ಅನ್ನದ ಅಂಗಡಿಯ ಮೇಲೆ. ಹನ್ನೊಂದು ಗಂಟೆಯಾದರೆ ನಮ್ಮ ಕಾಗದಗಳೆಲ್ಲ ಹಸಿವೆ ಹುಟ್ಟಿಸುತ್ತವೆ. ನಾವು ತರುವುದು ಒಂದೇ ವಿಷಯದ ಮಾಸಪತ್ರಿಕೆ. ಶಾಲೆ, ಕಾಲೇಜುಗಳಲ್ಲಿ ಬೇಸ್‌ಬಾಲ್ ಆಡುವ ಹುಡುಗರ ಪೈಕಿ ಅಕ್ಟೋಬರಿನ ಆಯ್ಕೆ ಸಭೆಯಲ್ಲಿ ಹನ್ನೆರಡು ವೃತ್ತಿತಂಡಗಳು ಯಾರ ಹೆಸರು ಕೂಗುತ್ತವೆ ಎಂದು ಮೊದಲೇ ಹೇಳುವುದು. ಪ್ರತಿ ಹುಡುಗನಿಗೂ ಒಂದು ಅಕ್ಷರ: ಎ, ಬಿ ಅಥವಾ ಸಿ. ಅಕ್ಷರದ ಕೆಳಗೆ ಎರಡು ಸಾಲು. ಆ ಎರಡು ಸಾಲು ಬರೆಯುವುದಕ್ಕೆ ನನ್ನನ್ನು ತೆಗೆದುಕೊಂಡಿದ್ದಾರೆ.

ಸಂಪಾದಕ ಕುರಮೊಚಿ ಸಂದರ್ಶನದಲ್ಲಿ ಕೇಳಿದ್ದು ಇಷ್ಟೆ. ‘ಆಟ ಗೊತ್ತೇನಮ್ಮ?’

‘ಸುಮಾರಾಗಿ ಗೊತ್ತು ಸಾರ್.’

‘ಒಳ್ಳೇದಾಯ್ತು. ಪೂರ್ತಿ ಗೊತ್ತಿರೋರಿಗೆ ಬರೆಯೋಕೆ ಕೈ ನಡುಗುತ್ತೆ. ನಮ್ಮ ಹತ್ರ ಹುಡುಗರು ಮುನ್ನೂರು ಜನ, ವರ್ಣನೆ ಒಂಬತ್ತೇ. ಓದುಗರು ಬೈತಾ ಇದಾರೆ. ಸಾಹಿತ್ಯ ಓದಿದೋಳು ನೀನು, ನಾಲ್ಕು ಹೊಸದು ಹೊಂದಿಸಿಕೊಡು.’

ಆ ಒಂಬತ್ತನ್ನು ಇವತ್ತು ಕಲಿಸಿಕೊಟ್ಟರು. ‘ಒರಟು ರತ್ನ’ ಎಂದರೆ ಎಸೆದ ಚೆಂಡು ಎಲ್ಲಿ ಬೀಳುತ್ತದೆಂದು ಹುಡುಗನಿಗೂ ಗೊತ್ತಿಲ್ಲ. ‘ಬುದ್ಧಿವಂತ ಆಟಗಾರ’ ಎಂದರೆ ಕುಳ್ಳ. ‘ತಂಡದ ಕಣ್ಮಣಿ’ ಎಂದರೆ ಹೊಡೆಯಲು ಬರುವುದಿಲ್ಲ, ಕೂಗಲು ಬರುತ್ತದೆ. ‘ಬೆಳೆಯಲು ಜಾಗವಿದೆ’ ಎಂದರೆ ಈಗ ಏನೂ ಇಲ್ಲ.

ಹುಡುಗರನ್ನು ಇಲ್ಲಿ ‘ಸರಕು’ ಎನ್ನುತ್ತಾರೆ. ‘ಈ ವರ್ಷ ಉತ್ತರದಲ್ಲಿ ಸರಕು ಕಡಿಮೆ.’ ಮೊದಲ ಸಲ ಕೇಳಿದಾಗ ಪೆನ್ನು ಕೆಳಗಿಟ್ಟೆ. ಮೊಮೊಸೆ ಶಿಹೋ ಆದ ನಾನು ಈ ಪದವನ್ನು ಎಂದೂ ಬಳಸುವುದಿಲ್ಲ ಎಂದು ಇಲ್ಲಿ ಬರೆದಿಡುತ್ತೇನೆ.

ಏಪ್ರಿಲ್ 21

ಮೊದಲ ಸಲ ಮೈದಾನಕ್ಕೆ ಹೋದೆ. ಹೊಸ ಹುಡುಗರನ್ನು ಹುಡುಕಲು ವೃತ್ತಿತಂಡಗಳು ಕಳಿಸುವ ನೋಟಗಾರರು, ಬ್ಯಾಟು ಹಿಡಿದವನ ಬೆನ್ನ ಹಿಂದೆ ಕಟ್ಟಿದ ತಡೆಬಲೆಯ ಹಿಂದೆ ಸಾಲಾಗಿ ಕೂತಿದ್ದರು. ಎಲ್ಲರಿಗೂ ಒಂದೇ ಬಗೆಯ ಟೋಪಿ, ಒಂದೇ ಬಗೆಯ ಸೊಂಟನೋವು. ಶಾಲೆಯ ಹುಡುಗರ ಜೊತೆ ಅವರು ನೇರವಾಗಿ ಮಾತಾಡುವಂತಿಲ್ಲ, ನಿಯಮ ಹಾಗಿದೆ. ಆದ್ದರಿಂದ ನೋಡುತ್ತಾರೆ. ನೋಡಿದ್ದನ್ನು ಯಾರಿಗೂ ಹೇಳುವುದಿಲ್ಲ.

ನನ್ನ ಪಕ್ಕ ಕೂತಿದ್ದವರು ನುಕಾಗ ಎಂಬ ಹಿರಿಯರು, ಪಶ್ಚಿಮದ ಒಂದು ತಂಡದ ನೋಟಗಾರ. ಎಲ್ಲರೂ ಮೈದಾನ ನೋಡುತ್ತಿದ್ದರೆ ಇವರು ದುರ್ಬೀನನ್ನು ಪ್ರೇಕ್ಷಕರತ್ತ ತಿರುಗಿಸಿದ್ದರು. ಯಾರನ್ನು ಹುಡುಕುತ್ತಿದ್ದೀರಿ ಎಂದು ಕೇಳುವ ಧೈರ್ಯ ಬರಲು ಎರಡು ಇನಿಂಗ್ಸ್ ಹಿಡಿಯಿತು.

‘ತಾಯೀನ,’ ಎಂದರು. ‘ಹುಡುಗ ಈಗ ಎಷ್ಟು ದಪ್ಪ ಅನ್ನೋದು ಲೆಕ್ಕಕ್ಕಿಲ್ಲ ತಾಯಿ. ಅವನ ಅಮ್ಮನ ಸೊಂಟದ ಕೆಳಗೆ ನೋಡಬೇಕು. ಅಲ್ಲಿ ಬಲ ಇದ್ರೆ ಇಪ್ಪತ್ತೈದನೇ ವಯಸ್ಸಿಗೆ ಇವನಿಗೂ ಬರುತ್ತೆ. ಅಗೋ, ನೇರಳೆ ಛತ್ರಿ. ಆಹಾ.’

ನೇರಳೆ ಛತ್ರಿಯ ಹೆಂಗಸು ಮಗನಿಗಾಗಿ ಕೈಮುಗಿದು ಕೂತಿದ್ದಳು. ಮೂವರು ನೋಟಗಾರರು ಆಕೆಯ ಸೊಂಟದ ಬಗ್ಗೆ ಬರೆದುಕೊಂಡರು. ನಾನು ನಾಚಿಕೆಯಿಂದ ಮೈದಾನದ ಕಡೆ ನೋಡಿದೆ. ಅಲ್ಲಿ ನೋಡುತ್ತಿದ್ದವಳು ನಾನೊಬ್ಬಳೇ.

ಮೇ 30

ಸಿ ಹುಡುಗರ ದಿನ. ‘ಬೆಳೆಯಲು ಜಾಗವಿದೆ’ ಎಂಬುದನ್ನು ಹೇಳುವ ಹತ್ತೊಂಬತ್ತು ವಿಧಾನ ಕಂಡುಹಿಡಿದೆ. ಇಪ್ಪತ್ತನೆಯವನಿಗೆ ಏನೂ ಉಳಿಯಲಿಲ್ಲ. ‘ಒಳ್ಳೆಯ ಹುಡುಗ’ ಎಂದು ಬರೆದೆ. ಕುರಮೊಚಿ ಹೊಡೆದುಹಾಕಿದರು. ‘ಅವನ ಮೇಲೇನು ದ್ವೇಷ ನಿಂಗೆ?’

ಜೂನ್ 14

ಶಿಜುಓಕಾ ಕಡೆ ಒಂದು ಕಾಗದ ಕಾರ್ಖಾನೆಗಳ ಊರು. ಅಭ್ಯಾಸ ಪಂದ್ಯ. ಪಟ್ಟಿಯ ಕೊನೆಯ ಪುಟದಲ್ಲಿ ಜಾಗ ಖಾಲಿಯಿದೆ, ಯಾರನ್ನಾದರೂ ತಾ ಎಂದಿದ್ದರು. ತಂದದ್ದು ಮಿನೆಗಿಶಿ ಸೋತಾ ಎಂಬ ಎಸೆತಗಾರನನ್ನು. ಶಾಲೆಯ ಕೊನೆಯ ವರ್ಷದ ಹುಡುಗ, ಉದ್ದ ಕುತ್ತಿಗೆ, ದೊಡ್ಡ ಕಿವಿ. ವೇಗ ಸಾಧಾರಣ. ಕೆಟ್ಟದಾಗಿ ಎಸೆದಾಗಲೆಲ್ಲ ಚೆಂಡು ಹಿಡಿಯುವವನ ಕಡೆಗೆ ಟೋಪಿ ತೆಗೆದು ತಲೆಬಾಗುತ್ತಾನೆ. ಹಾಗಾಗಿ ಪಂದ್ಯವಿಡೀ ತಲೆಬಾಗುತ್ತಲೇ ಇದ್ದ. ನನಗೆ ಇಷ್ಟವಾದ.

ಪಂದ್ಯದ ಮೇಲೆ ಮಾತಾಡಿಸಿದೆ. ಊರಿನ ಕಾಗದ ಕಾರ್ಖಾನೆಗೆ ತನ್ನದೇ ಬೇಸ್‌ಬಾಲ್ ತಂಡವಿದೆ. ಬೆಳಿಗ್ಗೆ ಗೋದಾಮಿನಲ್ಲಿ ಕೆಲಸ, ಮಧ್ಯಾಹ್ನ ಆಟ, ಆಟ ಮುಗಿದ ವಯಸ್ಸಿನಲ್ಲೂ ನೌಕರಿ ಖಾಯಂ. ವರ್ಷಕ್ಕೆ ಒಬ್ಬನೇ ಎಸೆತಗಾರನನ್ನು ಸೇರಿಸಿಕೊಳ್ಳುವ ಅವರು ಈ ಸಲ ಇವನನ್ನು ಕರೆದಿದ್ದಾರೆ.

‘ಹಾಗಾದ್ರೆ ವೃತ್ತಿತಂಡ ಬೇಡ್ವಾ?’ ಎಂದೆ.

‘ನನಗಾ?’ ಎಂದು ಹಿಂದೆ ತಿರುಗಿ ನೋಡಿದ, ಬೇರೆ ಯಾರನ್ನೋ ಕೇಳಿದೆನೇನೋ ಎಂಬಂತೆ.

ಅಕ್ಷರ ಸಿ. ಎರಡು ಸಾಲಿನಲ್ಲಿ ಒಂದು ಬೇಗ ಬಂತು, ಇನ್ನೊಂದು ಬರಲಿಲ್ಲ. ಮುದ್ರಣಕ್ಕೆ ಹೊತ್ತಾಗಿತ್ತು. ‘ಈತನ ಚೆಂಡು ಬ್ಯಾಟಿನ ಹತ್ತಿರ ಬಂದು ಒಂದು ಕ್ಷಣ ಉಸಿರು ಹಿಡಿಯುತ್ತದೆ’ ಎಂದು ತುಂಬಿಸಿದೆ. ಹಾಗೆಂದರೇನು ಎಂದು ನನಗೆ ಗೊತ್ತಿಲ್ಲ. ಅಂಥದ್ದೇನೂ ಕಾಣಲೂ ಇಲ್ಲ. ಕೇಳಲು ಹಿತವಾಗಿತ್ತು, ಅಷ್ಟೆ.

ಜುಲೈ 15

ಶಾಲೆಗಳ ಬೇಸಿಗೆ ಪಂದ್ಯಾವಳಿ. ಇವತ್ತು ಎಲ್ಲರೂ ಬಂದದ್ದು ಎ ಅಕ್ಷರದ ಒನೋದೆರಾ ಎಂಬ ಹುಡುಗನನ್ನು ನೋಡಲು, ದೊಡ್ಡ ಮೈದಾನಕ್ಕೆ. ಬೆಳಿಗ್ಗೆಯೇ ಮಳೆ ಹಿಡಿಯಿತು. ಅಲ್ಲಿ ನೀರು ನಿಂತು ಆಟ ಮುಂದಕ್ಕೆ ಹೋಯಿತು. ನಾನಿದ್ದದ್ದು ಪಕ್ಕದ ಊರಿನ ಸಣ್ಣ ಮೈದಾನದಲ್ಲಿ, ಅದರ ಮಣ್ಣು ನೀರು ಕುಡಿಯುತ್ತದಂತೆ, ಆಟ ನಡೆದಿತ್ತು. ಎಸೆಯುತ್ತಿದ್ದವನು ಮಿನೆಗಿಶಿ.

ಮೂರನೇ ಇನಿಂಗ್ಸಿನ ಹೊತ್ತಿಗೆ ತಡೆಬಲೆಯ ಹಿಂದೆ ಒದ್ದೆ ಟೋಪಿಗಳು ಬರತೊಡಗಿದವು. ಒಬ್ಬರು, ನಾಲ್ವರು, ಆಮೇಲೆ ಹಿಂಡು. ನಾನು ಕಂಬದ ಹಿಂದಿದ್ದೆ. ಮಾತೆಲ್ಲ ಕೇಳುತ್ತಿತ್ತು.

‘ಸದ್ಯ, ಇಲ್ಲಾದ್ರೂ ಸೂರಿದೆಯಲ್ಲಪ್ಪ.’

‘ಕಾಲುಚೀಲ ಹಿಂಡಿದ್ರೆ ಒಂದು ಲೋಟ ನೀರು ಬರುತ್ತೆ ಕಣಯ್ಯ.’

‘ಹಿಂಡು, ಹಿಂಡು. ನಿಮ್ಮ ತಂಡದೋರು ಚಹಾ ಮಾಡ್ಕೊಂಡು ಕುಡೀತಾರೆ.’

‘ಯಾರೋ ಇವನು, ಎಸೀತಿರೋನು?’

‘ಯಾವನೋ. ಪದೇ ಪದೇ ಟೋಪಿ ತೆಗೀತಾನೆ, ತಲೇಲಿ ಹೇನೇನೋ.’

ನಕ್ಕರು. ಒಬ್ಬರು ಬೆಂಚಿನ ಮೇಲೆ ಮಲಗಿಯೇಬಿಟ್ಟರು. ಉಳಿದವರು ಒನೋದೆರಾನ ಪಂದ್ಯ ನಾಳೆಯೋ ನಾಡಿದ್ದೋ ಎಂದು ಫೋನಿನಲ್ಲಿ ವಿಚಾರಿಸುತ್ತಿದ್ದರು. ಕೆಳಗೆ ಮಿನೆಗಿಶಿ ಮಾತ್ರ ಒಮ್ಮೆ ತಲೆಯೆತ್ತಿ, ಅಷ್ಟೂ ಟೋಪಿಗಳನ್ನು ನೋಡಿ, ಬೆನ್ನು ನೇರ ಮಾಡಿಕೊಂಡ. ಆಮೇಲೆ ಚೆನ್ನಾಗಿಯೇ ಎಸೆದ. ಗೆದ್ದರು.

ಜುಲೈ 16

ಕುರಮೊಚಿ ಬಂದವರೇ ಕೇಳುವ ಪ್ರಶ್ನೆ ‘ಹುಡುಗ ಹೇಗೆಸೆದ?’ ಎಂದಲ್ಲ, ‘ಎಷ್ಟು ತಂಡ ಬಂದಿತ್ತು?’ ಎಂದು. ನಮ್ಮ ಕಸುಬೇ ಇದು. ನೋಟಗಾರರು ಬಾಯಿ ಬಿಡುವುದಿಲ್ಲವಾದ್ದರಿಂದ ತಡೆಬಲೆಯ ಹಿಂದಿನ ಟೋಪಿ ಎಣಿಸಿ ಹುಡುಗನಿಗೆ ಬೆಲೆ ಕಟ್ಟುವುದು. ಪತ್ರಿಕೆಗಳೆಲ್ಲ ಹಾಗೇ ಮಾಡುತ್ತವೆ.

‘ಹನ್ನೊಂದು ತಂಡ, ಸಾರ್.’

ಕುರಮೊಚಿಯ ಕೈಯಲ್ಲಿದ್ದ ಚಮಚ ನಿಂತಿತು. ‘ಹನ್ನೆರಡರಲ್ಲಿ ಹನ್ನೊಂದು?’

‘ಮಳೆ ಬಂತು ಸಾರ್. ಅಲ್ಲಿ ಸೂರಿತ್ತು, ಅದಕ್ಕೆ...’

‘ಬಂದಿದ್ರಾ ಇಲ್ವಾ?’

‘ಬಂದಿದ್ರು.’

‘ಕಣ್ಣು ಮೈದಾನದ ಕಡೆ ಇತ್ತಾ?’

‘ಒಬ್ಬರು ಮಲಗಿದ್ರು.’

‘ಅವರನ್ನ ಬಿಟ್ಟು ಹತ್ತು ಅಂತ ಬರೀಬೇಡ ಮತ್ತೆ. ತಂಡ ಬಂದಿತ್ತು ತಾನೆ? ಮಳೆ ಬಗ್ಗೆ ಬರೆಯೋಕೆ ಹವಾಮಾನ ಇಲಾಖೆ ಇದೆ ಶಿಹೋ. ನಾವು ಬರೀತಿರೋದ್ರಲ್ಲಿ ಒಂದಕ್ಷರ ಸುಳ್ಳಿದ್ಯಾ, ಹೇಳು.’

ಇಲ್ಲ. ಅದೇ ಕಷ್ಟ. ಮಿನೆಗಿಶಿ ಬಿ ಆದ. ‘ಮಳೆಯನ್ನೂ ಲೆಕ್ಕಿಸದೆ ಹನ್ನೊಂದು ತಂಡ’ ಎಂದು ಕುರಮೊಚಿ ತಲೆಬರಹ ಕೊಟ್ಟರು.

ಜುಲೈ 28

ಮಿನೆಗಿಶಿಯ ಶಾಲೆ ಎಂಟರ ಘಟ್ಟದಲ್ಲಿ ಸೋತಿತು. ಅವನ ಶಾಲಾ ಆಟ ಅಲ್ಲಿಗೆ ಮುಗಿಯಿತು. ಇನ್ನು ಆಯ್ಕೆ ಸಭೆಯ ತನಕ ಅವನು ಒಂದು ಪಂದ್ಯವನ್ನೂ ಆಡುವುದಿಲ್ಲ.

ಆದರೂ ಏರುತ್ತಿದ್ದಾನೆ. ಕಾರಣ ನುಕಾಗ. ಹನ್ನೊಂದು ತಂಡಗಳಲ್ಲಿ ಇರದ ಹನ್ನೆರಡನೆಯದು ಅವರದ್ದು. ಮಳೆಯ ದಿನ ಅವರು ದೂರದ ಕಾಗೊಶಿಮಾದಲ್ಲಿ ಬಿಸಿಲಲ್ಲಿದ್ದರು. ನಮ್ಮ ಸಂಚಿಕೆ ಓದಿದ ಅವರ ತಂಡದ ಮುಖ್ಯಸ್ಥರು ಫೋನಿನಲ್ಲೇ ಜಾಡಿಸಿದರಂತೆ. ನುಕಾಗ ವಾರದಲ್ಲಿ ಮೂರು ಸಲ ಆ ಶಾಲೆಗೆ ಹೋಗಿ ತರಬೇತುದಾರರಿಗೆ ನಮಸ್ಕಾರ ಹೇಳಿ ಬಂದರು. ನುಕಾಗ ಮೂರು ಸಲ ಹೋದರೆಂದು ತಿಳಿದ ಇತರ ನಾಲ್ಕು ತಂಡದವರೂ ಹೋದರು. ಇವರೆಲ್ಲ ಹೋದರೆಂದು ಮುಂದಿನ ಸಂಚಿಕೆಗೆ ನಾವು ಬರೆದೆವು.

ಬಿ-ಮೇಲು.

ಆಗಸ್ಟ್ 15

ಹಬ್ಬಕ್ಕೆ ಊರಿಗೆ ಬಂದಿದ್ದೇನೆ. ಅಕ್ಕ ತಾನು ಮದುವೆಯಾಗುವವನನ್ನು ಊಟಕ್ಕೆ ಕರೆದಿದ್ದಳು. ಅಂಚೆ ಕಚೇರಿಯಲ್ಲಿ ಕೆಲಸ, ಹೆಸರು ಹಿರೋಫುಮಿ. ತಣ್ಣನೆಯ ಶಾವಿಗೆ ತಿನ್ನುತ್ತ ಎಲ್ಲರೂ ಅವನ ಮಾತಿಗೆ ನಗುತ್ತಿದ್ದರು. ನಾನು ಸುಮ್ಮನೆ ಗಮನಿಸಿದೆ. ಭುಜ ಇಳಿಜಾರು, ಹೆಜ್ಜೆ ಹಗುರ, ಕೆಳಭಾಗದಲ್ಲಿ ಬಲ ಸಾಲದು. ಮಾತಿನಲ್ಲಿ ಮೊದಲ ಅರ್ಧ ಗಂಟೆ ಚುರುಕು, ಆಮೇಲೆ ವೇಗ ಇಳಿಯುತ್ತದೆ. ಹೀಗಿದ್ದೂ ತಪ್ಪು ಮಾಡುವವನಲ್ಲ. ಬಿ-ಕೆಳಗು.

ಪಾತ್ರೆ ತೊಳೆಯುವಾಗ ಅಕ್ಕ ಕೇಳಿದಳು, ‘ಹೇಗನ್ನಿಸ್ತು ಕಣೇ?’

‘ಇವರ ತಾಯೀನ ನೋಡಿದೀಯಾ?’ ಎಂದೆ.

‘ಇಲ್ಲ, ಯಾಕೆ?’

‘ನೋಡದೆ ಏನೂ ಹೇಳೋಕಾಗಲ್ಲ.’

ಒಳ್ಳೆಯ ಸಲಹೆ ಕೊಟ್ಟೆ ಅನ್ನಿಸಿತು. ಅಕ್ಕ ಯಾಕೋ ಉಳಿದ ಪಾತ್ರೆಗಳನ್ನು ತಾನೇ ತೊಳೆಯುತ್ತೇನೆಂದಳು.

ಸೆಪ್ಟೆಂಬರ್ 6

ಮಿನೆಗಿಶಿ ಎ.

ನನ್ನ ಆ ಸಾಲು ಎಲ್ಲೆಲ್ಲೋ ಓಡಾಡುತ್ತಿದೆ. ಒಂದು ಕ್ರೀಡಾ ದಿನಪತ್ರಿಕೆ ‘ಉಸಿರು ಹಿಡಿಯುವ ಚೆಂಡು’ ಎಂದು ಅರ್ಧ ಪುಟ ಬರೆಯಿತು. ಟಿವಿಯಲ್ಲಿ ಒಬ್ಬ ಪ್ರಾಧ್ಯಾಪಕರು ಗಾಳಿಯ ಒತ್ತಡ, ಚೆಂಡಿನ ಹೊಲಿಗೆ, ಬೆರಳಿನ ತೇವ ಎಲ್ಲವನ್ನೂ ಕೋಲಿನಿಂದ ತೋರಿಸಿ, ಅದು ಯಾಕೆ ಉಸಿರು ಹಿಡಿಯುತ್ತದೆಂದು ವಿವರಿಸಿದರು. ನಿಧಾನಗತಿಯ ಚಿತ್ರದಲ್ಲಿ ಆ ಜಾಗಕ್ಕೆ ಕೆಂಪು ವೃತ್ತ ಹಾಕಿದ್ದರು.

ಕಾಲೇಜು ಪಂದ್ಯವೊಂದರಲ್ಲಿ ನುಕಾಗ ಸಿಕ್ಕರು. ಸಿಹಿ ಕಾಳಿನ ಹೂರಣ ತುಂಬಿದ ಬನ್ನು ಮುರಿದು ಅರ್ಧ ಕೊಟ್ಟರು. ‘ಆ ಮಿನೆಗಿಶಿ ವಿಷಯ ನಿನಗೊಬ್ಬಳಿಗೇ ಹೇಳ್ತೀನಿ, ಬರೀಬೇಡ. ಮೂವತ್ತು ವರ್ಷ ಈ ಬೆಂಚಿನ ಮೇಲೆ ಸವೆದಿದೀನಿ. ಅವನ ಚೆಂಡು ಬ್ಯಾಟಿನ ಹತ್ರ ಬಂದು ಹೀಗೆ, ಉಸಿರು ಹಿಡಿಯುತ್ತೆ ತಾಯಿ. ಇದು ಕಲಿಸಿ ಬರೋದಲ್ಲ.’

ಅಷ್ಟು ಅನುಭವಿಗಳು ಅಷ್ಟು ಖಚಿತವಾಗಿ ಹೇಳಿದರು. ಕಚೇರಿಗೆ ಬಂದು ಜೂನ್ ತಿಂಗಳ ಆ ಪಂದ್ಯದಲ್ಲಿ ನಾನೇ ಹಿಡಿದಿದ್ದ ವಿಡಿಯೋ ತೆಗೆದು ಮತ್ತೆ ನೋಡಿದೆ. ಅಲ್ಲಿದೆ. ನಿಜವಾಗಿ ಇದೆ. ಅವತ್ತು ನನ್ನ ಕಣ್ಣು ಇನ್ನೂ ಪಳಗಿರಲಿಲ್ಲ.

ಸೆಪ್ಟೆಂಬರ್ 19

ಮಿನೆಗಿಶಿಯ ಮನೆಗೆ ಹೋದೆ, ‘ಎ ಹುಡುಗರ ತಾಯಂದಿರು’ ಎಂಬ ವಿಶೇಷಾಂಕಕ್ಕೆ. ತಾಯಿ ತತ್ಸುಎ ಕ್ಷೌರದಂಗಡಿ ನಡೆಸುತ್ತಾರೆ. ತಂದೆ ಲಾರಿ ಓಡಿಸುತ್ತ ಊರೂರು ತಿರುಗುತ್ತಾರೆ. ಗಿರಾಕಿಗಳಿರಲಿಲ್ಲ. ಸುಮ್ಮನೆ ಕೂತು ಮಾತಾಡುವುದು ಅವರಿಂದಾಗದು, ಹಾಗಾಗಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕುತ್ತಿಗೆಗೆ ಬಟ್ಟೆ ಕಟ್ಟಿ, ಕೂದಲು ಒಪ್ಪ ಮಾಡುತ್ತ ಮಾತಾಡಿದರು. ಪ್ರಶ್ನೆ ಕೇಳಬೇಕಾದವಳು ನಾನು. ಕೇಳಿದ್ದೆಲ್ಲ ಅವರೇ.

‘ಈ ಎ ಅನ್ನೋದು ಯಾರಮ್ಮಾ ಕೊಡೋದು?’

‘ಹಲವು ಮೂಲಗಳಿಂದ ವಿಚಾರಿಸಿ...’

‘ಅಂದ್ರೆ?’

‘ತಂಡಗಳವರು ಹೇಳಿದ್ದನ್ನ ಕೇಳಿ, ನಾವು ನೋಡಿದ್ದನ್ನ ಸೇರಿಸಿ.’

ಕತ್ತರಿ ಸ್ವಲ್ಪ ಹೊತ್ತು ಮಾತಾಡಿತು. ಆಮೇಲೆ ಅವರು. ‘ಕಾರ್ಖಾನೆಯೋರು ಈ ತಿಂಗಳ ಕೊನೆಗೆ ಉತ್ತರ ಕೇಳಿದಾರೆ. ಆಯ್ಕೆ ಸಭೆಗೆ ಹೆಸರು ಕೊಟ್ರೆ ಅವರು ಬೇರೆ ಹುಡುಗನ್ನ ನೋಡ್ಕೋತಾರೆ. ಕಾಯೋಕಾಗಲ್ಲ ಅಂತ ಮರ್ಯಾದೆಯಾಗೇ ಹೇಳಿದ್ರು. ತಪ್ಪೇನಿಲ್ಲ ಅವರದ್ದು. ಇವನಪ್ಪ ಅಂತಾರೆ, ಕೈಗೆ ಬಂದದ್ದು ಬಿಡಬೇಡ ಅಂತ. ಇವನು ಏನೂ ಹೇಳಲ್ಲ. ನಿಮ್ಮ ಪುಸ್ತಕ ದಿಂಬಿನ ಕೆಳಗೆ ಇಟ್ಕೊಂಡಿದಾನೆ. ತಂಡದೋರನ್ನ ಕೇಳೋಣ ಅಂದ್ರೆ ಅವರು ನಮ್ಮ ಜೊತೆ ಮಾತಾಡೋ ಹಾಗಿಲ್ವಂತೆ. ನಿಮ್ಮನ್ನೇ ಕೇಳ್ಬೇಕು.’

ಕನ್ನಡಿಯಲ್ಲಿ ನನ್ನನ್ನೇ ನೋಡಿದರು. ‘ಆ ಮಳೆ ದಿನ ನೀವಿದ್ರಲ್ಲ. ಹನ್ನೊಂದು ತಂಡದೋರು ಇವನನ್ನ ನೋಡೋಕೇ ಬಂದಿದ್ರಾ? ವಿವರ ನನಗೆ ತಿಳಿಯಲ್ಲ. ಹೂಂ ಅಥವಾ ಊಹೂಂ, ಒಂದು ಹೇಳಿಬಿಡಿ ಸಾಕು.’

ಆ ದಿನದ ವಿಷಯ ಬೇರೆ, ಈಗಿನ ವಿಷಯ ಬೇರೆ ಎಂದು ವಿವರಿಸಬೇಕೆಂದುಕೊಂಡೆ. ಈಗ ಎಲ್ಲ ತಂಡಗಳೂ ಅವನನ್ನು ಮೆಚ್ಚಿವೆಯಲ್ಲ. ಅಷ್ಟುದ್ದ ಮಾತು ನನ್ನಿಂದ ಅಪರಿಚಿತರ ಮುಂದೆ ಹೊರಡುವುದಿಲ್ಲ.

‘ಹೂಂ,’ ಎಂದೆ.

ಅವರು ಕತ್ತರಿ ಕೆಳಗಿಟ್ಟು, ನನ್ನ ಎರಡೂ ಭುಜಗಳ ಮೇಲೆ ಕೈಯಿಟ್ಟು, ಕನ್ನಡಿಗೆ ತಲೆಬಾಗಿದರು. ಎಷ್ಟು ಹೇಳಿದರೂ ಕೂಲಿ ತೆಗೆದುಕೊಳ್ಳಲಿಲ್ಲ.

ವಿಶೇಷಾಂಕಕ್ಕೆ: ತಾಯಿ ಎತ್ತರ, ಸೊಂಟದಲ್ಲಿ ಬಲವಿದೆ, ಇಡೀ ದಿನ ನಿಂತು ಕೆಲಸ ಮಾಡುವವರು. ಹುಡುಗನ ಭವಿಷ್ಯಕ್ಕೆ ಒಳ್ಳೆಯ ಸೂಚನೆ.

ಸೆಪ್ಟೆಂಬರ್ 20

ಕೂದಲು ಚೆನ್ನಾಗಿ ಕೂತಿದೆ. ಕಚೇರಿಯಲ್ಲಿ ಇಬ್ಬರು ಹೇಳಿದರು.

ಅಕ್ಟೋಬರ್ 3

ಮಿನೆಗಿಶಿ ಹೆಸರು ಕೊಟ್ಟ. ಕಾಗದ ಕಾರ್ಖಾನೆ ಒಸಾಕಾದ ಒಬ್ಬ ಹುಡುಗನನ್ನು ಆರಿಸಿಕೊಂಡಿತು. ಸರಿಯಾದ ನಿರ್ಧಾರ. ಅಂಥ ಸರಕು ಗೋದಾಮಿನಲ್ಲಿ ಕೊಳೆಯಬಾರದು.

ಹೆಸರು ಕೊಟ್ಟ ಮೇಲೆ ತಂಡಗಳು ಹುಡುಗನನ್ನು ಭೇಟಿ ಮಾಡಬಹುದು. ಎಂಟು ತಂಡದವರು ಶಾಲೆಗೆ ಬಂದು, ಒಬ್ಬರಾದ ಮೇಲೊಬ್ಬರು ಅದೇ ಸೋಫಾದ ಮೇಲೆ ಕೂತು, ‘ಬಹಳ ನಿರೀಕ್ಷೆ ಇದೆ’ ಎಂದು ಹೋದರು. ಎಂಟು ಅಂದರೆ ಎ-ಮೇಲು.

ಅಕ್ಟೋಬರ್ 24

ಆಯ್ಕೆ ಸಭೆ ಟೋಕಿಯೋದಲ್ಲಿ. ನನ್ನನ್ನು ಕಳಿಸಿದ್ದು ಮಿನೆಗಿಶಿಯ ಶಾಲೆಗೆ. ಗ್ರಂಥಾಲಯದಲ್ಲಿ ಉದ್ದ ಮೇಜು, ಅದರ ಹಿಂದೆ ಎಲ್ಲಿಂದಲೋ ಎರವಲು ತಂದ ಚಿನ್ನದ ಬಣ್ಣದ ಮಡಿಕೆ ಪರದೆ, ಎದುರಿಗೆ ದೊಡ್ಡ ಟಿವಿ. ಮಿನೆಗಿಶಿ ಮಧ್ಯೆ, ಎಡಕ್ಕೆ ಮುಖ್ಯೋಪಾಧ್ಯಾಯರು, ಬಲಕ್ಕೆ ತರಬೇತುದಾರರು. ಎದುರಿಗೆ ಕ್ಯಾಮೆರಾಗಳು. ತತ್ಸುಎ ಅಂಗಡಿ ಮುಚ್ಚಿ ಬಂದು ಪುಸ್ತಕದ ಕಪಾಟಿನ ಪಕ್ಕ ನಿಂತಿದ್ದರು. ಹೊರಗೆ ಓಣಿಯಲ್ಲಿ ತಂಡದ ಹುಡುಗರೆಲ್ಲ ಸಮವಸ್ತ್ರದಲ್ಲಿ ಕಾಯುತ್ತಿದ್ದರು. ಹೆಸರು ಕೂಗಿದ ಕೂಡಲೇ ಒಳಗೆ ನುಗ್ಗಿ ಅವನನ್ನು ಮೂರು ಸಲ ಮೇಲಕ್ಕೆ ಎಸೆದು ಹಿಡಿಯುವುದು ರೂಢಿ. ಒಳಗಿನಿಂದ ಚಪ್ಪಾಳೆ ಕೇಳಿದರೆ ಬನ್ನಿ ಎಂದು ಅವರಿಗೆ ಹೇಳಿಟ್ಟಿದ್ದರು.

ಒಂದೊಂದು ಸುತ್ತಿನಲ್ಲಿ ಪ್ರತಿ ತಂಡವೂ ಒಬ್ಬೊಬ್ಬನ ಹೆಸರು ಕೂಗುತ್ತದೆ. ಮೊದಲ ಸುತ್ತಿನಲ್ಲಿ ಒನೋದೆರಾನನ್ನು ಮೂರು ತಂಡ ಕೇಳಿ ಚೀಟಿ ಎತ್ತಿದವು. ಎರಡನೇ ಸುತ್ತು. ಮೂರನೇ ಸುತ್ತು. ಪ್ರತಿ ಹೆಸರಿಗೂ ಮೊದಲು ಟಿವಿಯವನು ಉಸಿರೆಳೆದುಕೊಳ್ಳುವಾಗ ಮಿನೆಗಿಶಿ ಬೆನ್ನು ನೇರ ಮಾಡುತ್ತಿದ್ದ. ಬೇರೆ ಯಾರದೋ ಹೆಸರು ಬಂದಾಗ ಒಂದಿಷ್ಟು ತಲೆಬಾಗುತ್ತಿದ್ದ. ನಾಲ್ಕನೇ ಸುತ್ತಿನಲ್ಲಿ ಮುಖ್ಯೋಪಾಧ್ಯಾಯರು ಜೇಬಿನ ಭಾಷಣವನ್ನು ಮುಟ್ಟಿ ನೋಡಿಕೊಳ್ಳುವುದನ್ನು ನಿಲ್ಲಿಸಿದರು. ಐದರಲ್ಲಿ ಒಬ್ಬ ಕ್ಯಾಮೆರಾದವನು ತಂತಿ ಸುತ್ತತೊಡಗಿದ. ಒಂದೊಂದೇ ತಂಡ ‘ನಮ್ಮದು ಇಲ್ಲಿಗೆ ಮುಗಿಯಿತು’ ಎನ್ನುತ್ತ ಬಂತು. ಹನ್ನೆರಡನೆಯದೂ ಅಂದಿತು.

ಮುಖ್ಯೋಪಾಧ್ಯಾಯರು ಎದ್ದು ನಿಂತರು. ಒಳ್ಳೆಯ ಮನುಷ್ಯ. ‘ಇಷ್ಟು ದೂರ ಬಂದ ಮಿನೆಗಿಶಿಯ ಶ್ರಮಕ್ಕೆ ನಾವೆಲ್ಲ,’ ಎಂದು ಚಪ್ಪಾಳೆ ತಟ್ಟಿದರು. ಮರ್ಯಾದೆಗೆ ನಾವೂ ತಟ್ಟಿದೆವು.

ಬಾಗಿಲು ದಡಾರನೆ ತೆರೆದುಕೊಂಡಿತು. ‘ಲೋ ಸೋತಾ, ಹೊಡೆದೆಯಲ್ಲೋ ಮಗನೇ!’ ಮೂವತ್ತು ಹುಡುಗರು ಮೇಜು ಹಾರಿ ಅವನನ್ನು ಎತ್ತಿಕೊಂಡರು. ‘ಯಾವ ತಂಡನೋ? ಯಾವ ತಂಡ?’ ಒಂದು ಸಲ ಎಸೆದರು. ಎರಡನೇ ಸಲ ಅವನ ಕಾಲು ತಗುಲಿ ಚಿನ್ನದ ಪರದೆ ಬಿತ್ತು. ಮೂರನೇ ಸಲ ಎಸೆಯುವಾಗ ಮುಂದಿದ್ದವರಿಗೆ ತರಬೇತುದಾರರ ಮುಖ ಕಂಡಿತು. ಆದರೆ ಹುಡುಗ ಆಗಲೇ ಗಾಳಿಯಲ್ಲಿದ್ದ. ಹಿಡಿದರು, ಬಹಳ ಮೆಲ್ಲಗೆ ಕೆಳಗಿಟ್ಟರು, ಅವನ ಅಂಗಿಯ ಗುಂಡಿ ಹಾಕಿಕೊಟ್ಟರು.

ಎಲ್ಲರೂ ಹೋದ ಮೇಲೆ ಅವನು ಕುರ್ಚಿ ಮಡಚತೊಡಗಿದ. ನಾನೂ ಮಡಚಿದೆ. ಅವನ ತಾಯಿ ಹೊರಗೆ ತರಬೇತುದಾರರಿಗೆ ಕೃತಜ್ಞತೆ ಹೇಳುತ್ತಿದ್ದರು. ಒಂದು ಸಾಲು ಪೂರ್ತಿ ಮುಗಿಯಿತು.

‘ಮೊಮೊಸೆಯವರೇ, ಒಂದು ಕೇಳಲಾ? ಆ ಮಳೆ ದಿನ ನನ್ನ ಹತ್ರ ಏನಿತ್ತು?’

‘ಅಂದ್ರೆ?’

‘ಅವತ್ತು ಹನ್ನೊಂದು ತಂಡ ನೋಡಿದ್ದು ಏನನ್ನೋ ಒಂದನ್ನ ಅಲ್ವಾ. ಈಗ ಅದಿಲ್ಲ. ಜುಲೈಯಿಂದ ಹುಡುಕ್ತಾನೇ ಇದೀನಿ. ಹಿಡಿತ ಬದಲಾಯಿಸಿದೆ, ಹೆಜ್ಜೆ ಬದಲಾಯಿಸಿದೆ. ನನ್ನ ಚೆಂಡು ಹಿಡಿಯೋ ಯೋಶಿಯನ್ನ ದಿನಾ ಕೇಳ್ತಿದ್ದೆ, ಇವತ್ತು ಉಸಿರು ಹಿಡೀತೇನೋ ಅಂತ. ಅವನು, ನನಗೆ ಕಾಣಲ್ಲ ಕಣೋ, ಆದ್ರೆ ಅಚ್ಚಾಗಿದೆಯಲ್ಲ, ಇರ್ಬೇಕು ಅಂತಿದ್ದ. ಎಲ್ಲೋ ಕಳ್ಕೊಂಡುಬಿಟ್ಟೆ. ಎಲ್ಲಿ ಅಂತ ಗೊತ್ತಾದ್ರೆ ಸಾಕು ನಂಗೆ.’

ಅವನಿಗೆ ಅಳು ಬರುತ್ತಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು.

‘ಅವತ್ತು ದೊಡ್ಡ ಮೈದಾನದಲ್ಲಿ ನೀರು ನಿಂತಿತ್ತು,’ ಎಂದೆ. ‘ನಿಮ್ಮ ಮೈದಾನದಲ್ಲಿ ಸೂರಿತ್ತು. ಒದ್ದೆ ಆಗ್ಬಾರ್ದು ಅಂತ ಬಂದ್ರು. ಒಬ್ಬರು ಮಲಗಿದ್ರು.’

ಅವನು ಮಡಚಿದ ಕುರ್ಚಿ ಹಿಡಿದುಕೊಂಡೇ ನಿಂತ. ‘ಸೂರಿಗಾ?’

‘ಹೂಂ. ಒಬ್ಬರು ಕಾಲುಚೀಲ ಹಿಂಡ್ತಿದ್ರು.’

ಅವನ ಭುಜ ಅಲುಗಿತು. ನಗುತ್ತಿದ್ದ. ಮೊದಲು ಸದ್ದಿಲ್ಲದೆ, ಆಮೇಲೆ ಕುರ್ಚಿ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು. ‘ಕಾಲುಚೀಲ! ನಾನು ಅವತ್ತು ಮನೆಗೆ ಹೋಗಿ ಅಮ್ಮನಿಗೆ... ಹಾಗಾದ್ರೆ ನಾನೇನೂ ಕಳ್ಕೊಂಡಿಲ್ಲ! ಮೊದಲು ಹೇಗಿದ್ನೋ ಹಾಗೇ ಇದೀನಿ!’ ಕಣ್ಣೊರೆಸಿಕೊಂಡ, ನಗುವಿನ ನೀರು. ನಾಳೆಯೇ ಕಾಗದ ಕಾರ್ಖಾನೆಗೆ ಹೋಗುತ್ತಾನಂತೆ. ತಂಡದಲ್ಲಿ ಜಾಗವಿಲ್ಲ, ಗೋದಾಮಿನಲ್ಲಾದರೂ ಕೇಳಿ ನೋಡುತ್ತೇನೆ, ಸಂಜೆ ಅವರ ಹುಡುಗರಿಗೆ ಚೆಂಡು ಹೆಕ್ಕಿಕೊಡಬಹುದು ಎಂದ. ಸಿಗುತ್ತದೋ ಇಲ್ಲವೋ ಅವನಿಗೂ ಗೊತ್ತಿಲ್ಲ.

ಹೊರಡುವಾಗ ಕೇಳಿದ, ‘ಮತ್ತೆ ಆ ಉಸಿರು ಹಿಡಿಯೋದು? ಅದೂ ಹಾಗೇನಾ?’

‘ಇಲ್ಲ, ಅದು ಮಾತ್ರ ನಿಜ,’ ಎಂದೆ. ‘ನಾನೇ ನೋಡಿದೀನಿ.’

ಸೋಲನ್ನು ಅವನು ತೆಗೆದುಕೊಂಡ ಬಗೆ ಎ. ಇಷ್ಟು ಮೊದಲೇ ಗೊತ್ತಿದ್ದರೆ ಬರೆಯಬಹುದಿತ್ತು.

ಅಕ್ಟೋಬರ್ 25

ಬೆಳಿಗ್ಗೆ ನುಕಾಗ ಫೋನ್ ಮಾಡಿದ್ದರು. ಅವರಿಗೂ ಬೇಸರವಿತ್ತು.

‘ನಮ್ಮ ಪಟ್ಟಿಯಲ್ಲಿ ಅವನು ಆರನೇ ಸುತ್ತಿಗಿದ್ದ ತಾಯಿ. ಆದ್ರೆ ಉಳಿದೋರೆಲ್ಲ ಅಷ್ಟು ಮೆಚ್ಚಿದಾರೆ, ಎರಡರಲ್ಲೇ ಹೋಗ್ತಾನೆ ಅಂತ ಅವನನ್ನ ಬಿಟ್ಟೇಬಿಟ್ಟಿದ್ವಿ. ಮೂರರ ತನಕ ಯಾರೂ ಮುಟ್ಟಲಿಲ್ಲ. ಅಯ್ಯೋ, ಇವನಿಗೇನೋ ಆಗಿದೆ, ಮೊಣಕೈಯೋ ಏನೋ, ಅವರಿಗೆಲ್ಲ ಗೊತ್ತು ನಮಗೊಬ್ಬರಿಗೇ ಗೊತ್ತಿಲ್ಲ ಅನ್ನಿಸ್ತು. ನಾವೂ ಮುಟ್ಟಲಿಲ್ಲ. ಆಮೇಲೆ ಊಟಕ್ಕೆ ಸೇರಿದಾಗ ನೋಡಿದ್ರೆ ಎಲ್ಲರದ್ದೂ ಇದೇ ಕತೆ. ಹನ್ನೆರಡೂ ತಂಡದ ಪಟ್ಟಿಯಲ್ಲಿ ಅವನು ಆರನೇ ಸುತ್ತು.’

‘ಮೊಣಕೈ ಸರಿಯಾಗೇ ಇದೆ,’ ಎಂದೆ.

‘ನೀನು ಹೇಳ್ಬಹುದಿತ್ತಲ್ಲ?’

‘ನೀವು ಕೇಳಲಿಲ್ಲ.’

‘ಕೇಳಿದ್ರೆ ನಮಗೆ ಅವನು ಬೇಕು ಅಂತ ನಿನಗೆ ಗೊತ್ತಾಗ್ತಿತ್ತಲ್ಲಮ್ಮ,’ ಎಂದರು. ಅದೂ ಸರಿಯೇ.

ಮಧ್ಯಾಹ್ನ ಕುರಮೊಚಿ ನನ್ನ ಬರಹ ಹಿಡಿದು ಬಂದರು. ಎ ಅಕ್ಷರ ಕೊಟ್ಟು ತಪ್ಪಿದ್ದರ ಬಗ್ಗೆ ಅವರಿಗೆ ಚಿಂತೆಯಿದ್ದಂತಿರಲಿಲ್ಲ. ಆಯ್ಕೆಯಾಗದವನ ಕತೆ ಆಯ್ಕೆಯಾದವನದ್ದಕ್ಕಿಂತ ಹೆಚ್ಚು ಓಡುತ್ತದಂತೆ.

‘ತಪ್ಪಾಗಿ ಎತ್ತಿ ಎಸೆದ್ರಲ್ಲ, ಅಬ್ಬಾ, ಚಿನ್ನ ಕಣಮ್ಮ ಇದು. ಆದ್ರೆ ಕೊನೇಲಿ ಇದೇನು, ನಕ್ಕ ಅಂತ ಬರೆದಿದೀಯ?’

‘ನಕ್ಕ ಸಾರ್. ಕುರ್ಚಿ ಮಡಚುವಾಗ.’

‘ಯಾರಾದ್ರೂ ನೋಡಿದ್ರಾ?’

‘ನಾನು.’

‘ಕ್ಯಾಮೆರಾ?’

‘ಹೋಗಿಬಿಟ್ಟಿತ್ತು.’

‘ನಕ್ಕ ಅಂದ್ರೆ ಓದೋನು ಪಾಪ ಏನು ಮಾಡಬೇಕು? ಅವನೂ ನಗಬೇಕಾ? ಕಣ್ಣಲ್ಲಿ ನೀರು ಬಂತಾ ಇಲ್ವಾ ಅವನಿಗೆ?’

‘ಬಂತು, ಆದ್ರೆ ಅದು...’

‘ಬಂತಲ್ಲ. ಮತ್ತೆ?’

ಏಪ್ರಿಲ್‌ನಲ್ಲಾಗಿದ್ದರೆ ತಲೆ ತಗ್ಗಿಸಿ ಒಂದು ತಾಸು ಕೂರುತ್ತಿದ್ದೆ. ಈಗ ಕೈ ಪಳಗಿದೆ. ಕುರಮೊಚಿ ಕೆಳಗೆ ಹೋಗಿ ಕರಿ ಅನ್ನ ತಿಂದು ಬರುವಷ್ಟರಲ್ಲಿ ತಿದ್ದಿ ಮುಗಿಸಿದ್ದೆ. ‘ಮೂರನೇ ಸಲ ಮೇಲಕ್ಕೆ ಹೋದ ಹುಡುಗ ಕೆಳಗೆ ಬಂದ. ಅವನ ಕಣ್ಣೀರು ಮಾತ್ರ ಒಂದು ಕ್ಷಣ ಅಲ್ಲೇ ನಿಂತು, ಆಮೇಲೆ ಬಿತ್ತು.’

ಅವರು ಹಲ್ಲುಕಡ್ಡಿ ಕಚ್ಚಿಕೊಂಡು ಎರಡು ಸಲ ಓದಿದರು. ಒಂದು ಪದವನ್ನೂ ಬದಲಿಸಲಿಲ್ಲ. ನನಗೂ ಬದಲಿಸುವಂಥದ್ದೇನೂ ಕಾಣಲಿಲ್ಲ.